ನವಿಲುಕೋಸಿಗೆ ಬೇರು ಉಳಿಯಬೇಕಾದರೆ

ನೆಲದಲ್ಲಿ ತೇವ ಚೆನ್ನಾಗಿಯೇ ಇದೆ. ಆದರೂ ಬಿಸಿಲೇರುತ್ತಿದ್ದಂತೆ ಎಲೆಕೋಸಿನ ಗಿಡ ಜೋಲುಬೀಳುತ್ತದೆ, ಸಂಜೆ ತಂಪಾದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ಅಂಚಿನ ಎಲೆಗಳಿಗೆ ಸಣ್ಣಗೆ ನೇರಳೆ ಬಣ್ಣ ತಿರುಗಿರುತ್ತದೆ. ಇಂಥ ಗಿಡಕ್ಕೆ ಇನ್ನಷ್ಟು ನೀರು ಸುರಿಯಬೇಡಿ. ಒಂದನ್ನು ಬಲಿ ಕೊಟ್ಟು ಬುಡಸಮೇತ ಎತ್ತಿ ನೋಡಿ. ಕಿತ್ತೆಳೆದರೆ ಬೇರೆಲ್ಲ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಸನಿಕೆಯನ್ನು ಆಳಕ್ಕೆ ಇಳಿಸಿ, ಹೆಂಟೆಯ ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ಅಲುಗಾಡಿಸಬೇಕು.

ಆರೋಗ್ಯವಾಗಿದ್ದರೆ ಬಿಳಿಯ ನಾರುಬೇರುಗಳ ಗೊಂಚಲು ನೀರಿನಲ್ಲಿ ಹರಡಿಕೊಳ್ಳುತ್ತದೆ. ರೋಗ ತಗುಲಿದ ಗಿಡದಲ್ಲಿ ನಾರು ಹೆಚ್ಚುಕಡಿಮೆ ಇರುವುದೇ ಇಲ್ಲ. ಅದರ ಜಾಗದಲ್ಲಿ ಹಸಿ ಶುಂಠಿಯ ಕೊಂಬಿನಂಥ ದಪ್ಪ ದಪ್ಪ ಗಂಟುಗಳು, ಒಂದರ ಮೇಲೊಂದು ಉಬ್ಬಿ, ತುದಿಯಲ್ಲಿ ಚೂಪಾಗಿ ಇಳಿದಿರುತ್ತವೆ. ಗಂಟನ್ನು ಚಾಕುವಿನಿಂದ ಅಡ್ಡಕ್ಕೆ ಕೊಯ್ಯಿರಿ. ಒಳಗೆ ಗಟ್ಟಿಯಾಗಿ, ಬಿಳಿಯಾಗಿ, ಅಲ್ಲಲ್ಲಿ ಮಚ್ಚೆಯಿದ್ದಂತೆ ಕಂಡರೆ ಅದು ಗಂಟುಬೇರು ರೋಗ. ಒಳಗೆ ಪೊಳ್ಳಾಗಿದ್ದು ಪುಟ್ಟ ಬಿಳಿ ಹುಳು ಕುಳಿತಿದ್ದರೆ ನೀವು ಪುಣ್ಯವಂತರು. ಅದೊಂದು ಮೂತಿಹುಳುವಿನ ಕೆಲಸ, ಗಿಡಕ್ಕೆ ದೊಡ್ಡ ನಷ್ಟವಿಲ್ಲ. ಇನ್ನೂ ಕೆಲವು ವಾರ ಕಾದು ನೋಡಿದರೆ ರೋಗದ ಗಂಟು ಕಂದಾಗಿ, ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬಿಡುತ್ತದೆ. ಆದರೆ ಹಾಗೆ ಕಾಯಲೇಬಾರದು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನಾನಿರುವುದು ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ. ಮನೆಯ ಹಿಂದೆ ಇರುವುದು ಕಲ್ಲುಹಾಸು, ಬಟ್ಟೆ ಒಣಗಿಸಲಷ್ಟೇ ಲಾಯಕ್ಕು. ತರಕಾರಿ ಬೆಳೆಯುವುದು ಬಾಡಿಗೆಗೆ ಸಿಕ್ಕಿದ ತೋಟದ ತುಂಡಿನಲ್ಲಿ. ಇಲ್ಲಿ ಇದನ್ನು ಅಲಾಟ್‌ಮೆಂಟ್ ಎನ್ನುತ್ತಾರೆ. ಊರಿನವರಿಗೆ ಇಂಥ ಜಾಗ ಒದಗಿಸುವುದು ಸ್ಥಳೀಯ ಆಡಳಿತದ ಹೊಣೆ ಎಂದು 1908ರ ಕಾಯಿದೆಯೇ ಹೇಳುತ್ತದೆ. ಹಳೆಯ ಅಳತೆಯಲ್ಲಿ ಒಂದು ತುಂಡೆಂದರೆ ಹತ್ತು ರಾಡ್, ಸುಮಾರು 250 ಚದರ ಮೀಟರ್. ನಮ್ಮದು ಗುಡ್ಡದ ಇಳಿಜಾರಿನಲ್ಲಿದೆ. ಕಲ್ಲಿದ್ದಲಿನ ಪದರಗಳ ಮೇಲೆ ಕೂತ ಜೇಡಿಮಣ್ಣು, ವರ್ಷವಿಡೀ ಮಳೆ, ಹಾಗಾಗಿ ಮಣ್ಣು ಹುಳಿ. ಈ ರೋಗಕ್ಕೆ ಇದಕ್ಕಿಂತ ಒಳ್ಳೆಯ ತವರುಮನೆ ಬೇಕಾಗಿಲ್ಲ. ನನಗಿಂತ ಮುಂಚೆ ಈ ತುಂಡನ್ನು ಮಾಡಿಕೊಂಡಿದ್ದವರು ವರ್ಷ ವರ್ಷವೂ ಅದೇ ಮಡಿಯಲ್ಲಿ ಕೋಸು ಹಾಕುತ್ತಿದ್ದರಂತೆ. ಬೀಗದ ಕೈ ನನ್ನ ಕೈಗೆ ಬಂದ ದಿನವೇ ಪಕ್ಕದ ತುಂಡಿನ ಮುದುಕರು ಬೇಲಿಯ ಆಚೆಯಿಂದ ಇದನ್ನು ಹೇಳಿ, ‘ಆಲೂಗಡ್ಡೆ ಹಾಕಿಕೊಳ್ಳಿ’ ಎಂದು ಸಲಹೆ ಕೊಟ್ಟು ಹೋದರು. ಆಲೂಗಡ್ಡೆ ಅಂಗಡಿಯಲ್ಲಿ ರಾಶಿ ರಾಶಿ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಎಳೆಯ ನವಿಲುಕೋಸು, ಸೊಪ್ಪಿನ ಸಮೇತ. ಇಲ್ಲಿಯ ಅಂಗಡಿಗಳಲ್ಲಿ ಅದು ಸಿಕ್ಕರೂ ಬಲಿತು, ಸೊಪ್ಪು ಕತ್ತರಿಸಿಕೊಂಡು, ಬೋಳಾಗಿ ಕೂತಿರುತ್ತದೆ. ಅದರಿಂದ ಮಾಡಿದ ಹುಳಿಗೆ ಹುಳಿಯ ಗುಣವೇ ಇರುವುದಿಲ್ಲ.

ರೋಗದ ಕಾರಣಜೀವಿಗೆ ಪ್ಲಾಸ್ಮೊಡಿಯೋಫೋರಾ ಬ್ರಾಸಿಕೇ ಎಂದು ಹೆಸರು. ಅದನ್ನು ಕಂಡುಹಿಡಿದು ಹೆಸರಿಟ್ಟವರು ರಷ್ಯಾದ ವಿಜ್ಞಾನಿ ಮಿಖಾಯಿಲ್ ವೊರೊನಿನ್. ಸೇಂಟ್ ಪೀಟರ್ಸ್‌ಬರ್ಗ್ ಸುತ್ತಮುತ್ತಲ ಕೋಸಿನ ತೋಟಗಳು ಹಾಳಾಗುತ್ತಿದ್ದ ಕಾಲದಲ್ಲಿ ಅವರು ಬೇರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ವರ್ಷಗಟ್ಟಲೆ ನೋಡಿ, 1878ರಲ್ಲಿ ವಿವರ ಪ್ರಕಟಿಸಿದರು. ಇದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಏಕಕೋಶ ಜೀವಿಗಳ ಕಡೆಯ ಬೇರೆಯದೇ ಒಂದು ಕುಲ. ಹೀಗಾಗಿ ಶಿಲೀಂಧ್ರಕ್ಕೆಂದು ಮಾಡಿದ ಔಷಧಿ ಇದರ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಒಂದು ಕಾಲದಲ್ಲಿ ಇಲ್ಲಿನ ತೋಟಗಾರರು ನಾಟಿಯ ಗುಂಡಿಗೆ ಪಾದರಸದ ಪುಡಿ ಉದುರಿಸುತ್ತಿದ್ದರು. ತಿನ್ನುವ ಸೊಪ್ಪಿನ ಬುಡಕ್ಕೆ ಪಾದರಸ! ಅದು ನಿಷೇಧವಾಗಿ ಬಹಳ ಕಾಲವಾಯಿತು. ಈಗ ಮನೆತೋಟದವರಿಗೆ ಇದಕ್ಕೆಂದು ಮಾರುವ ರಾಸಾಯನಿಕ ಈ ದೇಶದಲ್ಲಿ ಯಾವುದೂ ಇಲ್ಲ.

ಇದರ ಬೀಜಕಣ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ. ಹತ್ತಿರದಲ್ಲಿ ಕೋಸಿನ ಜಾತಿಯ ಬೇರು ಬಂದರೆ, ಮಣ್ಣು ಒದ್ದೆಯಾಗಿ, ಬೆಚ್ಚಗಾಗಿ, ಹುಳಿಯಾಗಿದ್ದರೆ ಎಚ್ಚರಗೊಳ್ಳುತ್ತದೆ. ಎರಡು ಬಾಲವಿರುವ ಪುಟ್ಟ ಜೀವಿಯೊಂದು ಹೊರಬಂದು, ಮಣ್ಣಿನ ಕಣಗಳ ನಡುವಿನ ನೀರಿನ ಪೊರೆಯಲ್ಲಿ ಈಜಿ, ಬೇರಿನ ರೋಮವನ್ನು ಹೊಕ್ಕುತ್ತದೆ. ಒಳಗೆ ಹೋದ ಮೇಲೆ ಗಿಡದ ಹಾರ್ಮೋನುಗಳ ಲೆಕ್ಕವನ್ನೇ ಕೆಡಿಸುತ್ತದೆ. ಜೀವಕೋಶಗಳು ಎಗ್ಗಿಲ್ಲದೆ ಉಬ್ಬುತ್ತವೆ, ಗಂಟಾಗುತ್ತದೆ, ನೀರು ಹೀರುವ ಕೆಲಸ ನಿಲ್ಲುತ್ತದೆ. ಕೊನೆಗೆ ಗಂಟು ಕೊಳೆತಾಗ ಕೋಟಿಗಟ್ಟಲೆ ಹೊಸ ಬೀಜಕಣಗಳು ಮಣ್ಣಿಗೆ ಸೇರುತ್ತವೆ. ಗಂಟು ಕೊಳೆಯುವವರೆಗೆ ಕಾಯಬಾರದು ಎಂದದ್ದು ಇದಕ್ಕೇ.

ಮಲಗಿದ ಬೀಜಕಣ ಎಷ್ಟು ಕಾಲ ಬದುಕುತ್ತದೆ? ಸ್ವೀಡನ್ನಿನ ಹೊಲಗಳಲ್ಲಿ ನಡೆದ ಅಧ್ಯಯನವೊಂದು 1996ರಲ್ಲಿ ಕೊಟ್ಟ ಉತ್ತರ ಹೀಗಿದೆ: ಮಣ್ಣಿನ ಸೋಂಕು ಅರ್ಧಕ್ಕೆ ಇಳಿಯಲು 3.6 ವರ್ಷ, ಪತ್ತೆಗೆ ಸಿಗದಷ್ಟು ಕಡಿಮೆಯಾಗಲು ಸುಮಾರು 17 ವರ್ಷ. ನಾಲ್ಕು ವರ್ಷದ ಬೆಳೆ ಸರದಿ ಮಾಡಿದರೆ ಸಾಕು ಎಂದು ತೋಟಗಾರಿಕೆಯ ಪುಸ್ತಕಗಳು ಬರೆಯುವುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಿ. ಸರದಿ ಬೇಡವೆಂದಲ್ಲ, ಕೋಸು ಒಂದೇ ಮಡಿಗೆ ಮರಳಿ ಬರುವುದು ತಡವಾದಷ್ಟೂ ಸೋಂಕು ಏರುವುದು ತಪ್ಪುತ್ತದೆ. ಆದರೆ ಸರದಿಯೊಂದರಿಂದಲೇ ನೆಲ ಶುದ್ಧವಾಗುತ್ತದೆಂದು ನಂಬಿ ಕೂತರೆ ನಿಮ್ಮ ಬಾಡಿಗೆಯ ಅವಧಿ ಮುಗಿದು ಇನ್ನೊಬ್ಬರು ಬಂದಿರುತ್ತಾರೆ.

ಆದ್ದರಿಂದ ನನ್ನ ಶ್ರಮವೆಲ್ಲ ಎರಡೇ ಕಡೆಗೆ: ಹೊಸ ಸೋಂಕನ್ನು ಒಳಗೆ ಬಿಡದಿರುವುದು, ಇರುವ ಸೋಂಕಿನ ನಡುವೆಯೇ ಬೇರನ್ನು ಒಂದು ಹಂತಕ್ಕೆ ಬೆಳೆಸುವುದು.

ಮೊದಲನೆಯದು ತೋಟದ ಕೆಲಸಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯದ ಪ್ರಶ್ನೆ. ಮೇ ತಿಂಗಳಲ್ಲಿ ನಮ್ಮ ಅಲಾಟ್‌ಮೆಂಟಿನ ಗೇಟಿನ ಬಳಿ ಒಂದು ಮೇಜು ಬೀಳುತ್ತದೆ. ಯಾರ ಬಳಿ ಸಸಿ ಹೆಚ್ಚಾಗಿದೆಯೋ ಅವರು ತಂದಿಟ್ಟು ಹೋಗುತ್ತಾರೆ, ಬೇಕಾದವರು ಪುಕ್ಕಟೆ ತೆಗೆದುಕೊಳ್ಳಬಹುದು. ಟೊಮೇಟೊ, ಕುಂಬಳ, ಬೀನ್ಸ್ ನಾನೂ ತೆಗೆದುಕೊಳ್ಳುತ್ತೇನೆ. ನೆಲದಿಂದ ಕಿತ್ತು, ಬೇರಿನ ಸುತ್ತ ಒದ್ದೆ ಪತ್ರಿಕೆ ಸುತ್ತಿದ ಕೋಸಿನ ಸಸಿಯ ಕಟ್ಟನ್ನು ಮಾತ್ರ ಮುಟ್ಟುವುದಿಲ್ಲ. ಸಂತೆಯಲ್ಲಿ ಮಾರುವುದೂ ಇಂಥ ಕಟ್ಟುಗಳನ್ನೇ. ಸಸಿ ನೋಡಲು ಹಸಿರಾಗಿ ನಳನಳಿಸುತ್ತಿರುತ್ತದೆ, ಬೇರಿನಲ್ಲಿ ಇನ್ನೂ ಗಂಟು ಕಾಣುವಷ್ಟು ಕಾಲವಾಗಿರುವುದಿಲ್ಲ, ಜತೆಗೆ ಅಂಟಿದ ಚಿಟಿಕೆ ಮಣ್ಣು ಸಾಕು. ಯಾರಾದರೂ ಪ್ರೀತಿಯಿಂದ ಕೈಗಿಟ್ಟದ್ದನ್ನು ಬೇಡವೆನ್ನುವುದು ನಮ್ಮ ಕಡೆಯವರಿಗೆ ಸುಲಭವಲ್ಲ. ‘ಒಂದು ಲೋಟ ಕಾಫಿ’ಯನ್ನೇ ಬೇಡ ಎನ್ನಲಾಗದವರು ನಾವು. ನಾನು ಮೊದಲೇ ಹೇಳಿಬಿಡುತ್ತೇನೆ: ನನ್ನ ಮಣ್ಣಿನಲ್ಲಿ ರೋಗ ಇದೆ, ನನ್ನಿಂದ ಏನೂ ತೆಗೆದುಕೊಳ್ಳಬೇಡಿ, ನನಗೂ ಕೋಸಿನ ಸಸಿ ಕೊಡಬೇಡಿ. ಹಾಗೆ ಹೇಳಿದರೆ ಯಾರಿಗೂ ನೋವಾಗುವುದಿಲ್ಲ, ಒಂದಿಷ್ಟು ಕನಿಕರವೂ ಸಿಗುತ್ತದೆ.

ಬೂಟು, ಸನಿಕೆ, ತಳ್ಳುಗಾಡಿಯ ಚಕ್ರ, ಎಲ್ಲವೂ ಮಣ್ಣನ್ನು ಹೊತ್ತೊಯ್ಯುತ್ತವೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 2003ರಲ್ಲಿ ಎಡ್ಮಂಟನ್ ಹತ್ತಿರದ ಕೆಲವು ಕನೋಲಾ (ಎಣ್ಣೆಗೆಂದು ಬೆಳೆಯುವ ಕೋಸಿನ ಕುಟುಂಬದ ಬೆಳೆ) ಹೊಲಗಳಲ್ಲಿ ಈ ರೋಗ ಕಾಣಿಸಿತು. ಅಲ್ಲಿಂದ ಹೊಲದಿಂದ ಹೊಲಕ್ಕೆ ಸಾಗಿದ್ದು ಬಹುಪಾಲು ಯಂತ್ರಗಳಿಗೆ ಮೆತ್ತಿದ ಮಣ್ಣಿನಲ್ಲಿ. ಸಲಕರಣೆಗೆ ಯಾವ ಔಷಧಿ ಸಿಂಪಡಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಬ್ರಷ್ ಮತ್ತು ನೀರು. ಮಣ್ಣು ಹೋದರೆ ಮುಕ್ಕಾಲು ಪಾಲು ಅಪಾಯ ಹೋಯಿತು. ಕೋಸಿನ ಮಡಿಯ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ಇನ್ನೂ ಸುಲಭದ ಉಪಾಯ. ಇಳಿಜಾರಿನ ತೋಟವಾದರೆ ಮಳೆನೀರು ಎತ್ತಲಿಂದ ಎತ್ತ ಹರಿಯುತ್ತದೆ ಎಂದು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿ. ನಮ್ಮಲ್ಲಿ ಮೇಲಿನ ತುಂಡಿನ ನೀರು ನೇರವಾಗಿ ನನ್ನ ಎಡಗಡೆಯ ಮಡಿಗೆ ಬರುತ್ತದೆ. ಬೇಲಿಯ ಉದ್ದಕ್ಕೂ ಕಾಲುವೆ ತೋಡಿ ಅದನ್ನು ದಾರಿಯ ಪಕ್ಕಕ್ಕೆ ತಿರುಗಿಸಿದ್ದೇನೆ. ಆ ಮಡಿಯಲ್ಲಿ ಕೋಸಿನ ಜಾತಿಯನ್ನಂತೂ ಹಾಕುವುದಿಲ್ಲ.

ಕೋಸಿನ ಜಾತಿ ಎಂದಾಗ ಎಲೆಕೋಸು, ಹೂಕೋಸು, ನವಿಲುಕೋಸು ಮಾತ್ರ ನೆನಪಾದರೆ ಸರದಿಯ ಲೆಕ್ಕ ತಪ್ಪುತ್ತದೆ. ಮೂಲಂಗಿ ಇದೇ ಕುಟುಂಬ. ಸಾಸಿವೆ, ಟರ್ನಿಪ್, ಕೇಲ್, ಚೀನೀ ಕೋಸು ಇದೇ ಕುಟುಂಬ. ಹೂವಿಗೆಂದು ಬೆಳೆಸುವ ವಾಲ್‌ಫ್ಲವರ್ ಕೂಡ ಇದೇ. ತ್ರಿಕೋನದ ಪುಟ್ಟ ಚೀಲದಂಥ ಕಾಯಿ ಬಿಡುವ ಶೆಫರ್ಡ್ಸ್ ಪರ್ಸ್ ಎಂಬ ಕಳೆ ಇಲ್ಲಿ ಕಾಲಿಟ್ಟಲ್ಲೆಲ್ಲ ಹುಟ್ಟುತ್ತದೆ. ಬೀಳುಬಿಟ್ಟ ಮಡಿಯಲ್ಲಿ ರೋಗವನ್ನು ಸಾಕಿಕೊಂಡಿರುವುದು ಅದೇ. ಇನ್ನೊಂದು ಬಲೆಯೆಂದರೆ ಹಸಿರೆಲೆ ಗೊಬ್ಬರ. ಖಾಲಿ ಮಡಿಗೆ ಸಾಸಿವೆ ಚೆಲ್ಲಿ ಬೆಳೆದ ಮೇಲೆ ಅಗೆದು ಮುಚ್ಚುವುದು ಇಲ್ಲಿಯ ಪದ್ಧತಿ. ರೋಗವಿರುವ ಮಣ್ಣಿಗೆ ಸಾಸಿವೆ ಚೆಲ್ಲುವುದೆಂದರೆ ಹಸಿದವರನ್ನು ಕರೆದು ಎಲೆ ಹಾಕಿದಂತೆಯೇ ಸರಿ. ನಾನು ಚೆಲ್ಲುವುದು ಮೆಂತ್ಯ. ಇಲ್ಲಿಯ ಬೀಜದಂಗಡಿಗಳಲ್ಲಿ ಹಸಿರೆಲೆ ಗೊಬ್ಬರವೆಂದು ಪುಟ್ಟ ಪೊಟ್ಟಣದಲ್ಲಿ ಮೆಂತ್ಯವನ್ನೇ ದುಬಾರಿಗೆ ಮಾರುತ್ತಾರೆ. ಭಾರತೀಯರ ದಿನಸಿ ಅಂಗಡಿಯ ಚೀಲದ ಮೆಂತ್ಯ ಅಷ್ಟೇ ಚೆನ್ನಾಗಿ ಮೊಳೆಯುತ್ತದೆ. ಅರ್ಧ ಸೊಪ್ಪಿಗೆ, ಅರ್ಧ ಮಣ್ಣಿಗೆ.

ಈಗ ಸುಣ್ಣದ ವಿಷಯ. ಮಣ್ಣಿನ ರಸಸಾರ (ಪಿಎಚ್, ಅಂದರೆ ಹುಳಿಯ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ) 7 ದಾಟಿ 7.2ರ ಆಸುಪಾಸಿಗೆ ಬಂದರೆ ಬೀಜಕಣ ಮೊಳೆಯುವುದೂ ಬೇರಿನ ರೋಮವನ್ನು ಹೊಕ್ಕುವುದೂ ಗಣನೀಯವಾಗಿ ತಗ್ಗುತ್ತದೆ. ಸಾಯುವುದಿಲ್ಲ, ಮಂಕಾಗುತ್ತದೆ. ಸುಣ್ಣ ಹಾಕುವ ಮೊದಲು ಮಣ್ಣನ್ನು ಪರೀಕ್ಷಿಸಿ. ಗಾಜಿನ ನಳಿಕೆಯಲ್ಲಿ ಚಿಟಿಕೆ ಮಣ್ಣು, ಪರೀಕ್ಷೆಯ ಕಿಟ್ಟಿನ ಪುಡಿ, ಬಟ್ಟಿ ಇಳಿಸಿದ ನೀರು, ಬಣ್ಣದ ದ್ರಾವಣ ಹಾಕಿ ಕುಲುಕಿ ನಿಲ್ಲಿಸಿದರೆ ಮೇಲಿನ ತಿಳಿ ಬಣ್ಣ ತೋರಿಸುತ್ತದೆ. ನನ್ನ ಮಡಿ ಮೊದಲು ತೋರಿಸಿದ್ದು ಕಿತ್ತಳೆ, ಅಂದರೆ ಹುಳಿ. ಈಗ ಹಸಿರಿಗೆ ತಂದಿದ್ದೇನೆ. ಒಂದೇ ಸಲಕ್ಕೆ ಬರಲಿಲ್ಲ. ಜೇಡಿಮಣ್ಣು ಸುಣ್ಣವನ್ನು ನುಂಗಿ ನೀರು ಕುಡಿಯುತ್ತದೆ, ಮರಳುಮಣ್ಣಿಗೆ ಅದರ ಅರ್ಧ ಸಾಕಾಗಬಹುದು.

ನಾನು ಬಳಸುವುದು ಸುಣ್ಣದ ಕಲ್ಲನ್ನು ನುಣ್ಣಗೆ ಬೀಸಿದ ಪುಡಿ. ಎಲೆ ಅಡಿಕೆಗೆ ಹಚ್ಚುವ ಅರಳಿದ ಸುಣ್ಣ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಕೈ ಕಣ್ಣು ಸುಡುತ್ತದೆ, ಅಳತೆ ತಪ್ಪಿದರೆ ಗಿಡವೂ ಸುಡುತ್ತದೆ. ಚದರ ಮೀಟರಿಗೆ ಸುಮಾರು ಕಾಲು ಕಿಲೋ, ಶರತ್ಕಾಲದಲ್ಲಿ, ಗಾಳಿ ಇಲ್ಲದ ದಿನ ನೋಡಿ ಎರಚಿ, ಮೇಲುಮಣ್ಣಿಗೆ ಕೆದಕಿ ಸೇರಿಸುತ್ತೇನೆ. ಚಳಿಗಾಲದ ಮಳೆ ಅದನ್ನು ಕೆಳಗಿಳಿಸುತ್ತದೆ. ಸಗಣಿ ಗೊಬ್ಬರವನ್ನು ಅದರ ಜತೆಗೇ ಹಾಕಬಾರದು, ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ; ಎರಡರ ನಡುವೆ ಕೆಲವು ವಾರಗಳ ಅಂತರ ಇರಲಿ. ರಸಸಾರ ಏರಿದ್ದು ಒಳ್ಳೆಯದಾಯಿತೆಂದು ಇನ್ನಷ್ಟು, ಮತ್ತಷ್ಟು ಎಂದು ಸುರಿಯುತ್ತ ಹೋದರೆ ಬೋರಾನ್, ಮ್ಯಾಂಗನೀಸ್ ಗಿಡಕ್ಕೆ ಸಿಗದಂತಾಗಿ ಹೂಕೋಸಿನ ದಂಟು ಪೊಳ್ಳಾಗುತ್ತದೆ. ಸುಣ್ಣ ಹಾಕಿದ ನೆಲದಲ್ಲಿ ಆಲೂಗಡ್ಡೆಗೆ ಕಜ್ಜಿ ಬರುತ್ತದೆ. ಆದ್ದರಿಂದ ಸರದಿಯಲ್ಲಿ ಆಲೂಗಡ್ಡೆಯನ್ನು ಕೋಸಿನಿಂದ ಆದಷ್ಟು ದೂರ ಇಟ್ಟಿದ್ದೇನೆ: ಬೀನ್ಸ್, ಬಟಾಣಿ ಮುಗಿದ ಮಡಿಗೆ ಸುಣ್ಣ, ಅದರ ಮೇಲೆ ಕೋಸು, ಆಮೇಲೆ ಈರುಳ್ಳಿ, ಕ್ಯಾರೆಟ್, ಎಲ್ಲ ಆದ ಮೇಲೆ ಆಲೂಗಡ್ಡೆ. ಬೀನ್ಸಿನ ಬೇರಿನ ಗುಂಡುಗಳನ್ನು ನೋಡಿ ಯಾರೂ ಗಾಬರಿಯಾಗಬೇಡಿ, ಅವು ಸಾರಜನಕ ಕಟ್ಟುವ ಒಳ್ಳೆಯ ಗಂಟುಗಳು.

ಎರಡನೆಯ ಕೆಲಸ ಸಸಿಯದು. ನೇರವಾಗಿ ಮಡಿಗೆ ಬೀಜ ಬಿತ್ತಿದರೆ ಎಳೆಬೇರು ಹುಟ್ಟಿದ ಗಳಿಗೆಯಿಂದಲೇ ಶತ್ರುವಿನ ಬಾಯಲ್ಲಿರುತ್ತದೆ. ಅಂಗಡಿಯ ಚೀಲದ ಮಿಶ್ರಣದಲ್ಲಿ, ಮನೆಯ ಕಿಟಕಿಯ ಬಳಿ ಬಿತ್ತುತ್ತೇನೆ. ತಟ್ಟೆಗಳನ್ನು ಸೋಪಿನ ಬಿಸಿನೀರಿನಲ್ಲಿ ತಿಕ್ಕಿ ತೊಳೆದಿರುತ್ತೇನೆ. ಪೀಪಾಯಿಯಲ್ಲಿ ಹಿಡಿದ ಮಳೆನೀರು ದೊಡ್ಡ ಗಿಡಕ್ಕೆ ಒಳ್ಳೆಯದು, ಮೊಳಕೆಗೆ ನಲ್ಲಿನೀರೇ ಲೇಸು; ಮೊಳಕೆಯ ಕುತ್ತಿಗೆ ದಾರದಂತೆ ಸಣ್ಣಗಾಗಿ ಒಂದೇ ರಾತ್ರಿಯಲ್ಲಿ ಸಾಲಿಗೆ ಸಾಲೇ ಮಲಗುವ ರೋಗ ಹೆಚ್ಚಾಗಿ ಬರುವುದು ನಿಂತ ನೀರು, ಹಳೆಯ ಮಣ್ಣು, ಒತ್ತೊತ್ತಾಗಿ ಬಿತ್ತಿದ ಬೀಜ, ಇವುಗಳಿಂದ. ಎರಡು ನಿಜವಾದ ಎಲೆ ಬಂದ ಮೇಲೆ 9 ಸೆಂಟಿಮೀಟರ್ ಕುಂಡಕ್ಕೆ, ಹೂಕೋಸಾದರೆ ಆಮೇಲೆ ಇನ್ನೂ ದೊಡ್ಡ ಕುಂಡಕ್ಕೆ ಬದಲಿಸುತ್ತೇನೆ. ಕುಂಡವನ್ನು ಬೋರಲು ಹಾಕಿದಾಗ ಬಿಳಿಬೇರು ಮಣ್ಣಿನ ಮುದ್ದೆಯ ಸುತ್ತ ಬಲೆ ಹೆಣೆದಿರಬೇಕು, ಆದರೆ ಇನ್ನೂ ಕಂದಾಗಿರಬಾರದು. ಆ ಹಂತದಲ್ಲೇ ನಾಟಿ. ಗುಂಡಿಯನ್ನು ಅಗಲವಾಗಿ ತೋಡಿ, ಗೋಡೆಗೆ ಸುಣ್ಣದ ಪುಡಿ ಸವರಿ, ಸುತ್ತ ಹೊಸ ಮಿಶ್ರಣ ತುಂಬಿ, ಸಸಿಯನ್ನು ಕೂರಿಸಿ ಬುಡವನ್ನು ಹಿಮ್ಮಡಿಯಿಂದ ಗಟ್ಟಿಯಾಗಿ ಒತ್ತುತ್ತೇನೆ. ಕುಂಡದ ಗಾತ್ರದ ಶುದ್ಧ ಬೇರು ಗಿಡದ ಬಳಿ ಇದ್ದರೆ ಹೊರಗಿನ ತುದಿಗಳಿಗೆ ರೋಗ ಬಂದರೂ ಗೆಡ್ಡೆ ಕಟ್ಟುವಷ್ಟು ಕಾಲ ಸಿಗುತ್ತದೆ. ನಂತರ ಬುಡಕ್ಕೆ ಮಣ್ಣು ಏರಿಸಿದರೆ ದಂಟಿನಿಂದ ಹೊಸ ಬೇರು ಒಡೆಯುತ್ತದೆ.

ಕಾಲವೂ ನಮ್ಮ ಪರ ಇರಬಹುದು. ಈ ರೋಗಕ್ಕೆ 20ರಿಂದ 25 ಡಿಗ್ರಿಯ ಮಣ್ಣು ಬಲು ಇಷ್ಟ. ತಣ್ಣಗಿದ್ದರೆ ಕೈಕಾಲು ಆಡುವುದಿಲ್ಲ. ನವಿಲುಕೋಸು ನಾಟಿಯಾದ ಮೇಲೆ ಬೇಗ ಕೈಗೆ ಬರುವ ಬೆಳೆ. ಏಪ್ರಿಲ್ ಮೊದಲಲ್ಲೇ ನೆಟ್ಟು, ಮೇಲೆ ಬಟ್ಟೆ ಹೊದಿಸಿ, ಬೇಸಿಗೆ ಕಾವೇರುವ ಮೊದಲೇ ಕಿತ್ತು ಅಡುಗೆಮನೆಗೆ ತರುತ್ತೇನೆ. ಶರತ್ಕಾಲದಲ್ಲಿ ನೆಟ್ಟು ವಸಂತದಲ್ಲಿ ಕೊಯ್ಯುವ ಎಲೆಕೋಸೂ ಹೀಗೆಯೇ ಬಚಾವಾಗುತ್ತದೆ. ಜುಲೈ ತಿಂಗಳಿನಲ್ಲಿ ಮಣ್ಣಿನಲ್ಲಿರಲೇಬೇಕಾದ ದೀರ್ಘಾವಧಿ ಬೆಳೆಗೆ ಮಾತ್ರ ರೋಗನಿರೋಧಕ ತಳಿ: ಎಲೆಕೋಸಿನಲ್ಲಿ ಕಿಲಟನ್, ಕಿಲಾಕ್ಸಿ, ಹೂಕೋಸಿನಲ್ಲಿ ಕ್ಲ್ಯಾಪ್ಟನ್. ಬೀಜ ದುಬಾರಿ. ಒಂದೇ ತಳಿಯನ್ನು ವರ್ಷ ವರ್ಷವೂ ಹಾಕಿದರೆ ರೋಗವೇ ಪಾಠ ಕಲಿಯುತ್ತದೆ. ಆಲ್ಬರ್ಟಾದಲ್ಲಿ 2009ರಲ್ಲಿ ನಿರೋಧಕ ಕನೋಲಾ ಬಂತು, 2013ರಲ್ಲೇ ಅದನ್ನೂ ಹಣಿಯುವ ತಳಿಯ ರೋಗಾಣು ಸಿಕ್ಕಿತು. ಹಾಗಾಗಿ ನಿರೋಧಕ ತಳಿಯ ಗಿಡಗಳಿಗೂ ಸುಣ್ಣ, ಕುಂಡ, ಸರದಿ ಯಾವುದನ್ನೂ ಬಿಡುವುದಿಲ್ಲ. ನವಿಲುಕೋಸಿನಲ್ಲಿ ಅಂಥ ತಳಿ ನನಗೆ ಇನ್ನೂ ಕೊಳ್ಳಲು ಸಿಕ್ಕಿಲ್ಲ.

ಗುಂಡಿಗೆ ರೂಬಾರ್ಬ್ ಎಂಬ ಹುಳಿದಂಟಿನ ತುಂಡು ಹಾಕಿ, ನುಸಿಗುಳಿಗೆ ಹಾಕಿ ಎಂದು ಸಲಹೆ ಕೊಡುವವರು ಪ್ರತಿ ಅಲಾಟ್‌ಮೆಂಟಿನಲ್ಲೂ ಇರುತ್ತಾರೆ. ರೂಬಾರ್ಬ್ ದಂಟಿಗೆ ಸಕ್ಕರೆ ಹಾಕಿ ಬೇಯಿಸಿ ತಿನ್ನಿ. ನುಸಿಗುಳಿಗೆಯನ್ನು ತಿನ್ನುವ ಬೆಳೆಯ ಹತ್ತಿರ ತರಲೇಬೇಡಿ.

ಗಂಟು ಬಂದ ಬೇರು ಕಾಂಪೋಸ್ಟ್ ಗುಂಡಿಗೆ ಹೋಗಬಾರದು. ಮನೆಯ ಗುಂಡಿಯ ಶಾಖ ಬೀಜಕಣಕ್ಕೆ ಸಾಲದು. ದನಕ್ಕೂ ಹಾಕಬಾರದು, ಅದರ ಹೊಟ್ಟೆಯನ್ನು ದಾಟಿ ಸಗಣಿಯಲ್ಲಿ ಜೀವಂತ ಹೊರಬರುತ್ತದೆ. ಒಣಗಿಸಿ ಸುಡುವುದೊಂದೇ ದಾರಿ, ಸುಡಲು ಬಿಡದ ಕಡೆ ಕಸದ ಚೀಲ.

ಊರಿನ ಕಡೆ ತೋಟ ಮಾಡುವವರು ಕೇಳಿದ್ದಕ್ಕೆ ಎರಡು ಮಾತು. ಟೊಮೇಟೊ, ಬದನೆಯ ಬೇರಿನಲ್ಲಿ ನೀವು ನೋಡುವ ಸಣ್ಣ ಮಣಿಗಂಟು ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜಂತುಹುಳುವಿನದು (ನೆಮಟೋಡ್), ಅದು ಬೇರೆ, ಅದರ ಉಪಚಾರವೂ ಬೇರೆ. ಸುಣ್ಣ ಅದಕ್ಕೆ ಮದ್ದಲ್ಲ. ಇಲ್ಲಿ ಹೇಳಿದ ಗಂಟುರೋಗ ನೀಲಗಿರಿಯಲ್ಲಿದೆ, ಡಾರ್ಜಿಲಿಂಗ್ ಬೆಟ್ಟಗಳಲ್ಲಿದೆ. ತಂಪು, ಮಳೆ, ಹುಳಿಮಣ್ಣು ಮೂರೂ ಇರುವ ಕೊಡಗು, ಮಲೆನಾಡಿನವರು ಊಟಿಯ ಕಡೆಯಿಂದ ಮಣ್ಣು ಮೆತ್ತಿದ ಸಸಿಯನ್ನಾಗಲಿ, ತರಕಾರಿ ತುಂಬಿದ ಹಳೆಯ ಗೋಣಿಚೀಲವನ್ನಾಗಲಿ ಹಿತ್ತಲಿಗೆ ತರದಿರುವುದು ಲೇಸು. ಬಯಲುಸೀಮೆಯ ಎಲೆಕೋಸಿಗೆ ಹೆಚ್ಚಿನ ಕಾಟ ಕಪ್ಪುಕೊಳೆಯದು: ಎಲೆಯ ಅಂಚಿನಿಂದ ಒಳಗೆ ಇಂಗ್ಲಿಷಿನ ವಿ ಅಕ್ಷರದಂತೆ ಹಳದಿಯಾಗಿ, ನರ ಕಪ್ಪಾಗುತ್ತದೆ. ಅದು ಬರುವುದು ಬೀಜದಿಂದ, ಉಳಿಯುವುದು ಕೊಳೆಯದ ಕಸದಲ್ಲಿ. ಬೀಜವನ್ನು 50 ಡಿಗ್ರಿ ನೀರಿನಲ್ಲಿ ಎಲೆಕೋಸಾದರೆ 25 ನಿಮಿಷ, ಹೂಕೋಸು, ನವಿಲುಕೋಸಾದರೆ 20 ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಹಾಕಿ ಆರಿಸಿ ಬಿತ್ತಿ. ಥರ್ಮಾಮೀಟರ್ ಇಲ್ಲದೆ ಬೆರಳದ್ದಿ ನೋಡುವ ಲೆಕ್ಕದಲ್ಲಿ ಇದನ್ನು ಮಾಡಬೇಡಿ, ಬೀಜ ಬೆಂದುಹೋಗುತ್ತದೆ.

ಗಂಟು ಬಂದ ಗಿಡದ ಕೋಸನ್ನು ತಿನ್ನಬಹುದೇ ಎಂಬುದು ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ. ಧಾರಾಳವಾಗಿ. ರೋಗ ಗಿಡದ್ದು, ನಮ್ಮದಲ್ಲ. ಬೇರು ಕತ್ತರಿಸಿ ಕಸಕ್ಕೆ ಹಾಕಿ, ನಿಂಬೆಹಣ್ಣಿನಷ್ಟೇ ದಪ್ಪವಾದ ಗೆಡ್ಡೆಯನ್ನೂ ಅದರ ಎಳೆಸೊಪ್ಪನ್ನೂ ಸಣ್ಣಗೆ ಹೆಚ್ಚಿ, ತೊಗರಿಬೇಳೆಯ ಜತೆ ಬೇಯಿಸಿ, ಇಂಗಿನ ಒಗ್ಗರಣೆ ಕೊಡಿ.